ಡಿಜೆ ಸದ್ದು: ಕಿವಿಗೆ ಒಂದು ಲೆಕ್ಕ, ಮೀಟರ್‌ಗೆ ಇನ್ನೊಂದು

ಹೋದ ವರ್ಷ ಗಣಪತಿ ಬಿಡುವ ದಿನ ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ಝಣಝಣ ಅನ್ನುತ್ತಿದ್ದವು. ಮೆರವಣಿಗೆ ಇದ್ದದ್ದು ಎರಡು ಬೀದಿ ಆಚೆ. ಕಿಟಕಿ, ಬಾಗಿಲು ಎಲ್ಲಾ ಹಾಕಿದ್ದೆವು. ಹಾಡು ಯಾವುದು ಅಂತಲೂ ಗೊತ್ತಾಗುತ್ತಿರಲಿಲ್ಲ. ಬರೀ ಧಬ್, ಧಬ್, ಧಬ್. ನಮ್ಮ ಅಜ್ಜಿಗೆ ಎಂಬತ್ತೆರಡು ವರ್ಷ. ಎದೆ ಮೇಲೆ ಕೈ ಇಟ್ಟುಕೊಂಡು, "ಇದು ನನ್ನ ಎದೆ ಹೊಡ್ಕೊಳ್ತಿರೋದೇನೋ, ಹೊರಗಿಂದ ಬರ್ತಿರೋದೇನೋ?" ಅಂತ ಕೇಳಿದರು. ಫೋನ್ ಮಾಡಿ ದೂರು ಕೊಟ್ಟೆವು. ಬಂದವರು ಮನೆ ಮುಂದೆ ಮೀಟರ್ ಹಿಡಿದು ನೋಡಿದರು. "ಮಿತಿ ಒಳಗೇ ಇದೆಯಲ್ಲ ಸಾರ್" ಅಂದು ಹೊರಟರು.

ಅವರು ಸುಳ್ಳು ಹೇಳಿರಲಿಲ್ಲ. ಮೀಟರಿನಲ್ಲಿ 64 ಇದ್ದದ್ದನ್ನು ನಾನೂ ನೋಡಿದೆ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದ್ದು 45. ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕ ಹಾಕಿದರೆ, ಆ ಜಾಗದ ಅಂಚಿನಲ್ಲಿ ಸದ್ದು ಈ ಮಿತಿಗಿಂತ 10 ಜಾಸ್ತಿ ಇರಬಹುದು. ಅಂದರೆ 65. ಗಂಟೆ ಇನ್ನೂ ಒಂಬತ್ತೂವರೆ. ಕಾನೂನಿನಲ್ಲಿ ರಾತ್ರಿ ಶುರುವಾಗುವುದು ಹತ್ತಕ್ಕೆ. ಹಾಗಾಗಿ ಕಾಗದದ ಮೇಲೆ ಎಲ್ಲವೂ ಸರಿ ಇತ್ತು.

ಎಲ್ಲವೂ ಸರಿ ಇದ್ದರೆ ತಟ್ಟೆ ಯಾಕೆ ಕುಣಿಯಿತು? ಈ ಪ್ರಶ್ನೆಯ ಹಿಂದೆ ಬಿದ್ದು ಒಂದು ವರ್ಷ ಓದಿದೆ. ಸಿಕ್ಕ ಉತ್ತರ ಇದು: ಮೀಟರ್ ಕೆಟ್ಟಿಲ್ಲ. ನಾವು ಅದನ್ನು ಇಟ್ಟಿರುವ ಸೆಟ್ಟಿಂಗ್ ಮೆತ್ತಗಿನ ಸದ್ದನ್ನು ಅಳೆಯಲು ಮಾಡಿದ್ದು. ಅದರಿಂದ ಡಿಜೆಯ ಬೇಸ್, ಅಂದರೆ ಆ ಧಬ್ ಧಬ್ ಅನ್ನುವ ತಗ್ಗಿನ ಸ್ವರ ಅಳೆಯುತ್ತಿದ್ದೇವೆ.

ಮೊದಲು ಡೆಸಿಬೆಲ್ ವಿಷಯ. ಅಮೆರಿಕದ ಬೆಲ್ ಪ್ರಯೋಗಾಲಯದ ದೂರವಾಣಿ ಇಂಜಿನಿಯರುಗಳು ಅಲೆಕ್ಸಾಂಡರ್ ಗ್ರಹಾಂ ಬೆಲ್ ಹೆಸರಿನಲ್ಲಿ ಇಟ್ಟ ಅಳತೆ ಅದು. ಇದು ಲೀಟರ್, ಕಿಲೋ ಥರ ಕೂಡಿಸುವ ಲೆಕ್ಕವಲ್ಲ, ಪಟ್ಟಿನ ಲೆಕ್ಕ. ಸದ್ದಿನ ಶಕ್ತಿ ಎರಡು ಪಟ್ಟಾದರೆ 3 ಡೆಸಿಬೆಲ್ ಏರುತ್ತದೆ. ಹತ್ತು ಪಟ್ಟಾದರೆ 10, ನೂರು ಪಟ್ಟಾದರೆ 20. ಹಾಗಾಗಿ "60 ಇರಬೇಕಾದದ್ದು 70 ಇದೆ, ಸ್ವಲ್ಪ ಜಾಸ್ತಿ ಅಷ್ಟೇ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಹತ್ತು ಪಟ್ಟು ಶಕ್ತಿ.

ಆದರೆ ಕಿವಿಗೆ ಅದು ಹತ್ತು ಪಟ್ಟು ಅನ್ನಿಸುವುದಿಲ್ಲ. ಇಲ್ಲಿಂದ ವಿಷಯ ಸ್ವಾರಸ್ಯವಾಗುತ್ತದೆ. ದೇವಸ್ಥಾನದಲ್ಲಿ ಒಬ್ಬರು ಭಜನೆ ಹಾಡುತ್ತಿದ್ದಾರೆ ಅಂದುಕೊಳ್ಳಿ. ಅದೇ ಜೋರಿನಲ್ಲಿ ಹಾಡುವ ಇನ್ನೊಬ್ಬರು ಸೇರಿಕೊಂಡರು. ಸದ್ದು ಎರಡು ಪಟ್ಟು ಜೋರಾಯಿತು ಅಂತ ಅನ್ನಿಸುತ್ತದೆಯೇ? ಇಲ್ಲ. ಸ್ವಲ್ಪ ತುಂಬಿಕೊಂಡಿತು ಅನ್ನಿಸುತ್ತದೆ, ಅಷ್ಟೇ. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹತ್ತಿರ ಹತ್ತಿರ ಹತ್ತು ಜನ ಹಾಡಬೇಕು. ಹಾರ್ವರ್ಡ್‌ನ ಮನೋವಿಜ್ಞಾನಿ ಎಸ್. ಎಸ್. ಸ್ಟೀವನ್ಸ್ ಕೇಳುಗರನ್ನು ಕೂರಿಸಿ ಇದನ್ನೇ ಅಳೆದವರು. 1936ರಲ್ಲಿ ಅವರು 'ಸೋನ್' ಎಂಬ ಅಳತೆ ತಂದರು. ಒಂದು ಸೋನ್‌ಗಿಂತ ಎರಡು ಸೋನ್ ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ. ಮಧ್ಯಮ ಸ್ವರಗಳಲ್ಲಿ ಒಂದರಿಂದ ಎರಡಕ್ಕೆ ಹೋಗಲು ಸುಮಾರು 10 ಡೆಸಿಬೆಲ್ ಬೇಕು. ಇದು ಸರಾಸರಿ ಲೆಕ್ಕ, ಒಬ್ಬೊಬ್ಬರ ಕಿವಿಗೂ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ.

ಮೆರವಣಿಗೆ ಟ್ರಾಲಿಗಳಲ್ಲಿ ವರ್ಷದಿಂದ ವರ್ಷಕ್ಕೆ ಬಾಕ್ಸ್ ಯಾಕೆ ಏರುತ್ತಾ ಹೋಗುತ್ತವೆ ಅನ್ನುವುದಕ್ಕೆ ಒಂದು ಕಾರಣ ಇದರಲ್ಲೇ ಇದೆ. ಹೋದ ಸಲಕ್ಕಿಂತ ಎರಡು ಪಟ್ಟು ಜೋರು ಅಂತ ಜನಕ್ಕೆ ಅನ್ನಿಸಬೇಕು. ಅದಕ್ಕೆ ಎರಡು ಪಟ್ಟು ವಾಟ್ಸ್ ಸಾಲದು. ಹತ್ತು ಪಟ್ಟು ಬೇಕು. ಪಕ್ಕದ ಬೀದಿಯ ಮಂಡಳಿಯೂ ಅದೇ ಪೈಪೋಟಿಯಲ್ಲಿದ್ದರೆ ಜನರೇಟರ್ ಗಾಡಿ ದೊಡ್ಡದಾಗುತ್ತಲೇ ಹೋಗುತ್ತದೆ.

ಬೇಸ್‌ನಲ್ಲಿ ಮಾತ್ರ ಲೆಕ್ಕ ಬೇರೆ. ಅದನ್ನು ತಿಳಿಯಲು 1933ಕ್ಕೆ ಹೋಗಬೇಕು.

ಆ ವರ್ಷ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೇಳುಗರಿಗೆ ಒಂದು ಸಲ 1000 ಹರ್ಟ್ಸ್‌ನ (ಸೆಕೆಂಡಿಗೆ ಸಾವಿರ ಕಂಪನದ) ಸ್ವರ ಕೇಳಿಸುವುದು, ಇನ್ನೊಂದು ಸಲ ಬೇರೆ ಸ್ವರ. ಹರ್ಟ್ಸ್ ಕಡಿಮೆ ಆದಷ್ಟೂ ಸ್ವರ ತಗ್ಗು. ಎರಡೂ ಒಂದೇ ಜೋರು ಅನ್ನಿಸುವುದು ಯಾವಾಗ ಎಂದು ಕೇಳುವುದು. ಹೀಗೆ ತಗ್ಗಿನ ಸ್ವರದಿಂದ ಹಿಡಿದು ಕೀರಲು ಸ್ವರದವರೆಗೆ ಮಾಡಿ ಗೆರೆ ಎಳೆದರು. ಕಿವಿ ಎಲ್ಲಾ ಸ್ವರಗಳನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ ಅನ್ನುವುದು ಆ ಗೆರೆಗಳಲ್ಲಿ ಕಾಣಿಸಿತು. ಮುಂದೆ 1956ರಲ್ಲಿ ಇಂಗ್ಲೆಂಡಿನ ರಾಬಿನ್ಸನ್ ಮತ್ತು ಡ್ಯಾಡ್ಸನ್ ಇದನ್ನು ಮತ್ತೆ ಅಳೆದರು. ಈಗ ಐಎಸ್ಒ 226 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ.

ನಮ್ಮ ಕಿವಿ ಅತಿ ಚುರುಕಾಗಿರುವುದು 3000ದಿಂದ 4000 ಹರ್ಟ್ಸ್ ಆಸುಪಾಸಿನಲ್ಲಿ. ಹೊರಗಿವಿಯಿಂದ ತಮಟೆಯವರೆಗಿನ ಕೊಳವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ ಇದೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಅದು ತನ್ನದೇ ಸ್ವರದಲ್ಲಿ ಮೊಳಗುತ್ತದಲ್ಲ, ಈ ಕೊಳವೆಯೂ ಹಾಗೇ 3000 ಹರ್ಟ್ಸ್ ಹತ್ತಿರದ ಸ್ವರಗಳನ್ನು ಎತ್ತಿ ಕೊಡುತ್ತದೆ. ಕುಕ್ಕರ್ ವಿಶಲ್, ಮಗು ಅಳುವಾಗಿನ ಚೂಪು ಸ್ವರ ಎಲ್ಲಿದ್ದರೂ ನಮ್ಮನ್ನು ಎಬ್ಬಿಸುವುದು ಅದಕ್ಕೇ. ತಗ್ಗಿನ ಸ್ವರಗಳಿಗೆ ಆ ಭಾಗ್ಯ ಇಲ್ಲ. 1000 ಹರ್ಟ್ಸ್‌ನ ಸ್ವರ 2-3 ಡೆಸಿಬೆಲ್‌ನಲ್ಲೇ ಆರೋಗ್ಯವಂತ ಕಿವಿಗೆ ತಿಳಿಯುತ್ತದೆ. ಡಿಜೆ ಬೇಸ್ ಓಡಾಡುವ 63 ಹರ್ಟ್ಸ್‌ನಲ್ಲಿ ಸುಮ್ನೆ 'ಏನೋ ಇದೆ' ಅಂತ ಗೊತ್ತಾಗಲಿಕ್ಕೇ ಸುಮಾರು 37 ಡೆಸಿಬೆಲ್ ಬೇಕು.

ಆದರೆ ಒಮ್ಮೆ ಕೇಳಿಸಲು ಶುರುವಾದ ಮೇಲೆ ಬೇಸ್ ಬೇಗ ಬೇಗ ಏರುತ್ತದೆ. ಈ ಒಂದು ಸಂಗತಿ ನನ್ನ ಇಡೀ ವಾದದ ಬುಡ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. 1000 ಹರ್ಟ್ಸ್‌ನಲ್ಲಿ 40 ಡೆಸಿಬೆಲ್ ಇರುವ ಸ್ವರ ಎಷ್ಟು ಜೋರೋ, ಅಷ್ಟೇ ಜೋರಾಗಿ ಕೇಳಿಸಲು 63 ಹರ್ಟ್ಸ್‌ನಲ್ಲಿ ಸುಮಾರು 73 ಬೇಕು. ವ್ಯತ್ಯಾಸ 33. ಅದೇ 80ರ ಜೋರಿಗೆ ಬಂದರೆ 63 ಹರ್ಟ್ಸ್‌ನಲ್ಲಿ ಬೇಕಾದದ್ದು ಸುಮಾರು 98. ಈಗ ವ್ಯತ್ಯಾಸ ಬರೀ 18. ಸದ್ದು ಜೋರಾದಂತೆ ಕಿವಿ ಬೇಸ್‌ಗೆ ಕೊಡುತ್ತಿದ್ದ ರಿಯಾಯಿತಿಯನ್ನು ವಾಪಸ್ ಪಡೆಯುತ್ತದೆ. ಮಧ್ಯಮ ಸ್ವರ ಎರಡು ಪಟ್ಟು ಜೋರಾಗಲು 10 ಡೆಸಿಬೆಲ್ ಬೇಕು ಅಂದೆನಲ್ಲ, ಇಲ್ಲಿ ಸುಮಾರು 6 ಸಾಕು. ಅಂದರೆ ಹತ್ತು ಪಟ್ಟು ಶಕ್ತಿ ಬೇಡ, ನಾಲ್ಕು ಪಟ್ಟಿನಲ್ಲೇ ಕೆಲಸ ಮುಗಿಯುತ್ತದೆ. ಅದೂ ಸಾಲದು ಅಂತ ಬೇಸ್ ಬಾಕ್ಸ್‌ಗಳನ್ನು ಒತ್ತಿ ಜೋಡಿಸಿದರೆ ಅವುಗಳ ಅಲೆಗಳು ಒಂದಕ್ಕೊಂದು ಕೈ ಕೊಟ್ಟು ಇನ್ನೂ ಏರುತ್ತವೆ. ಸೌಂಡ್ ಹಾಕುವವರು ಈ ಗೆರೆಗಳನ್ನು ನೋಡಿರಬೇಕೆಂದಿಲ್ಲ. ಬೇಸ್ ಏರಿಸಿದರೆ 'ಎಫೆಕ್ಟ್' ಬರುತ್ತದೆ ಅಂತ ಅವರಿಗೆ ಅನುಭವದಿಂದಲೇ ಗೊತ್ತು.

ಈಗ ಮೀಟರಿಗೆ ಬರೋಣ. ಮೈಕ್ ಎಲ್ಲಾ ಸ್ವರಗಳನ್ನೂ ಸಮನಾಗಿ ಹಿಡಿಯುತ್ತದೆ. ಕಿವಿ ಹಾಗಲ್ಲ. ಆದ್ದರಿಂದ ಮೀಟರಿನೊಳಗೆ ಒಂದು ಜರಡಿ ಇಟ್ಟರು. ಫ್ಲೆಚರ್-ಮನ್ಸನ್ ಗೆರೆಗಳ ಆಧಾರದ ಮೇಲೆ ಮೂರು ಥರದ ಜರಡಿ ಬಂದವು: ಮೆತ್ತಗಿನ ಸದ್ದಿಗೆ ಎ, ನಡುವಿನದ್ದಕ್ಕೆ ಬಿ, ತುಂಬಾ ಜೋರಿನದ್ದಕ್ಕೆ ಸಿ. ಎ ಜರಡಿಯನ್ನು ಕಟ್ಟಿದ್ದು 40ರ ಗೆರೆಯ ಮೇಲೆ, ಅಂದರೆ ಪಿಸುಮಾತಿಗಿಂತ ಸ್ವಲ್ಪ ಜೋರಿನ, ಗ್ರಂಥಾಲಯದ ಮೌನದಂಥ ಮಟ್ಟದ ಮೇಲೆ. ಕಾಲ ಕಳೆದಂತೆ ಬಿ ಮರೆಯಾಯಿತು, ಸಿ ಮೂಲೆ ಸೇರಿತು. ಕಾರ್ಖಾನೆ, ವಿಮಾನ, ರಸ್ತೆ, ಮದುವೆ ಮನೆ, ಎಲ್ಲದಕ್ಕೂ ಎ ಒಂದೇ ಆಯಿತು. ನಮ್ಮ ನಿಯಮಗಳಲ್ಲಿ 55, 45 ಎಂದು ಬರೆದಿರುವುದೂ ಎ ಡೆಸಿಬೆಲ್‌ಗಳೇ.

63 ಹರ್ಟ್ಸ್‌ನಲ್ಲಿ ಎ ಜರಡಿ 26 ಡೆಸಿಬೆಲ್ ಕಳೆದು ತೋರಿಸುತ್ತದೆ. 50 ಹರ್ಟ್ಸ್‌ನಲ್ಲಿ 30. ಸಿ ಜರಡಿ ಕಳೆಯುವುದು ಒಂದರ ಆಸುಪಾಸು ಮಾತ್ರ. ಈಗ ಒಂದು ಲೆಕ್ಕ ಹಾಕಿ. ಟ್ರಾಲಿಯ ಹತ್ತಿರ 63 ಹರ್ಟ್ಸ್‌ನ ಬೇಸ್ 100 ಡೆಸಿಬೆಲ್ ಇದೆ. ಎ ಮೀಟರ್ ಹೇಳುವುದು 74. ಕಿವಿಗೆ ಅದು 1000 ಹರ್ಟ್ಸ್‌ನ 82-83 ಡೆಸಿಬೆಲ್ ಸ್ವರದಷ್ಟು ಜೋರು. ಎಂಟೊಂಬತ್ತರ ವ್ಯತ್ಯಾಸ ಅಂದರೆ ಹತ್ತಿರ ಹತ್ತಿರ ಎರಡು ಪಟ್ಟು. ಮೀಟರ್ ಬರೆದುಕೊಂಡದ್ದಕ್ಕಿಂತ ಮನುಷ್ಯ ಕೇಳಿದ್ದು ಎರಡು ಪಟ್ಟು ಜೋರು! ಸದ್ದು ಏರಿದಂತೆ ಈ ವ್ಯತ್ಯಾಸವೂ ಏರುತ್ತದೆ. ಕಡಿಮೆ ಶಕ್ತಿಯಲ್ಲಿ ಹೆಚ್ಚು ಜೋರು ಸಿಗುವ ಜಾಗವೂ ಬೇಸ್, ಮೀಟರ್ ಅತಿ ಹೆಚ್ಚು ಕಣ್ಣು ಮುಚ್ಚಿಕೊಳ್ಳುವ ಜಾಗವೂ ಬೇಸ್.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಮೆತ್ತಗಿನ ಸದ್ದಿಗೆ ಎ ಜರಡಿ ಸರಿಯಾಗೇ ಕೆಲಸ ಮಾಡುತ್ತದೆ. ರಸ್ತೆಯ ಗದ್ದಲಕ್ಕೂ ಒಂದು ಮಟ್ಟಿಗೆ ಸರಿ. ಅದನ್ನು ಪೂರ್ತಿ ಎಸೆಯಿರಿ ಅಂತ ನಾನು ಹೇಳುತ್ತಿಲ್ಲ.

ಆದರೆ ಈ ಜರಡಿ ಯಾರ ಮೇಲೆ ಬಿಗಿ, ಯಾರ ಮೇಲೆ ಸಡಿಲ ಅಂತ ನೋಡಿದರೆ ಬೇಜಾರಾಗುತ್ತದೆ. ನಾದಸ್ವರದ ಕಸುವು ಇರುವುದು 1000 ಹರ್ಟ್ಸ್‌ನಿಂದ ಮೇಲಿನ ಸ್ವರಗಳಲ್ಲಿ. ಚಂಡೆಯ ಕಟಕಟ ಪೆಟ್ಟೂ ಎತ್ತರದ್ದೇ. ಎ ಜರಡಿ ಇವುಗಳಿಂದ ಏನೂ ಕಳೆಯುವುದಿಲ್ಲ, 2000 ಹರ್ಟ್ಸ್ ಹತ್ತಿರ ಒಂದು ಡೆಸಿಬೆಲ್ ಸೇರಿಸಿಯೇ ತೋರಿಸುತ್ತದೆ. ಧ್ವನಿವರ್ಧಕದ ನಿಯಮದಿಂದಾಗಿ ಕಟೀಲಿನ ಯಕ್ಷಗಾನ ಮೇಳಗಳು 2022ರ ತಿರುಗಾಟದಲ್ಲಿ ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದದ್ದು ಕರಾವಳಿಯವರಿಗೆ ನೆನಪಿರುತ್ತದೆ. ಅದು ಸಮಯದ ಪ್ರಶ್ನೆಯಾಗಿತ್ತು. ಮಟ್ಟದ ಪ್ರಶ್ನೆ ಬಂದರೂ ಚಂಡೆಯನ್ನು ಮೀಟರ್ ಪೂರ್ತಿ ಎಣಿಸುತ್ತದೆ, ಸಬ್ ವೂಫರನ್ನು (ಬೇಸ್ ಬಾಕ್ಸನ್ನು) 26 ಕಳೆದು ಎಣಿಸುತ್ತದೆ. ಮದುವೆಯ ವಾಲಗದವರು ಸಿಕ್ಕಿಬೀಳುವ ಕಡೆ ಡಿಜೆಯವರು ಪಾರಾಗಬಹುದು.

ಮನೆಯೊಳಗಿನ ಕಥೆ ಇನ್ನೂ ಬೇರೆ. ಗೋಡೆ, ಕಿಟಕಿ ಎತ್ತರದ ಸ್ವರಗಳನ್ನು ಚೆನ್ನಾಗಿ ತಡೆಯುತ್ತವೆ. ತಗ್ಗಿನವನ್ನು ತಡೆಯಲು ಅವುಗಳ ಭಾರ ಸಾಲದು. ಸ್ವರ ಅರ್ಧಕ್ಕೆ ಇಳಿದಾಗಲೆಲ್ಲ ಗೋಡೆಯ ತಡೆ ಸುಮಾರು 6 ಡೆಸಿಬೆಲ್ ಕಡಿಮೆಯಾಗುತ್ತಾ ಹೋಗುತ್ತದೆ. ಹಾಡಿನ ಮಾತು, ರಾಗ, ತಾಳದ ಕಿಣಿಕಿಣಿ ಎಲ್ಲಾ ಬೀದಿಯಲ್ಲೇ ಉಳಿದು ಬೇಸ್ ಮಾತ್ರ ಒಳಗೆ ಬರುತ್ತದೆ. ನಮ್ಮ ತಟ್ಟೆಗಳು ಕುಣಿದದ್ದು ಅದಕ್ಕೆ. ಆ ರಾತ್ರಿ ಫೋನಿನ ಆಪ್‌ನಲ್ಲಿ ನಾನೂ ನೋಡಿದ್ದೆ. ಮಲಗುವ ಕೋಣೆಯಲ್ಲಿ ಎ ತೋರಿಸಿದ್ದು 50ರ ಆಸುಪಾಸು, ಸಿಗೆ ಬದಲಿಸಿದರೆ 70 ದಾಟಿತ್ತು. ಫೋನಿನ ಮೈಕ್ ಬೇಸ್ ಸರಿಯಾಗಿ ಹಿಡಿಯುವುದಿಲ್ಲ. ನಿಜವಾದ ಸಿ ಅಂಕಿ ಇನ್ನೂ ಜಾಸ್ತಿಯೇ ಇದ್ದಿರಬೇಕು.

ಒಳಗೆ ಬಂದ ಬೇಸ್ ಬೀದಿಯಲ್ಲಿದ್ದಷ್ಟು ಜೋರಾಗಿ ಇರುವುದಿಲ್ಲ, ನಿಜ. ಆದರೆ ಜೋರು ಬೇರೆ, ಕಾಟ ಬೇರೆ. ನಲ್ಲಿಯ ಹನಿ ತೊಟ್ಟಿಕ್ಕುವುದು ಎಷ್ಟು ಮೆಲ್ಲಗಿದ್ದರೂ ನಿದ್ದೆ ಕೆಡಿಸುತ್ತದೆ, ಅಲ್ವಾ? ಬೇರೆ ಸದ್ದಿಲ್ಲದ ಕೋಣೆಯಲ್ಲಿ ಒಂದೇ ಲಯದ ಬಡಿತವನ್ನು ಮನಸ್ಸು ಬಿಡಲು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೊರತಂದ ಗದ್ದಲದ ಮಾರ್ಗಸೂಚಿಯಲ್ಲಿ ಇದನ್ನು ನೇರವಾಗಿ ಹೇಳಿದೆ. ತಗ್ಗಿನ ಸ್ವರಗಳು ಜಾಸ್ತಿ ಇರುವ ಕಡೆ ಎ ಅಳತೆ ಒಂದನ್ನೇ ನಂಬಬೇಡಿ. ಸಿ ಅಂಕಿಗೂ ಎ ಅಂಕಿಗೂ 10 ಡೆಸಿಬೆಲ್‌ಗಿಂತ ಹೆಚ್ಚು ಅಂತರ ಬಂದರೆ ಸ್ವರ ಸ್ವರಗಳನ್ನು ಬಿಡಿಸಿ ಅಳೆಯಿರಿ. ಮಲಗುವ ಕೋಣೆಗೆ ಅದು ಹೇಳಿದ ಮಟ್ಟ 30 ಎ ಡೆಸಿಬೆಲ್. ಬೇಸ್ ಇದ್ದರೆ ಅದಕ್ಕಿಂತಲೂ ಕಡಿಮೆ ಇರಬೇಕು ಅನ್ನುತ್ತದೆ. ನಮ್ಮ ಕೋಣೆಯಲ್ಲಿ ಎರಡರ ಅಂತರ 20.

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಅವರಿಗೆ ಕಿವಿ ಮಂದ. "ಸ್ವಲ್ಪ ಜೋರಾಗಿ ಹೇಳೋ" ಅನ್ನುತ್ತಾರೆ. ಜೋರಾಗಿ ಹೇಳಿದರೆ "ಯಾಕೋ ಕಿರುಚ್ತೀಯಾ" ಅನ್ನುತ್ತಾರೆ. ನಾವೆಲ್ಲ ಇದು ವಯಸ್ಸಿನ ಸಿಡುಕು ಅಂದುಕೊಂಡಿದ್ದೆವು. ಅಲ್ಲ. ಒಳಗಿವಿಯ ಬಸವನಹುಳುವಿನಂಥ ಸುರುಳಿಯಲ್ಲಿ ಎರಡು ಬಗೆಯ ಕೂದಲು ಕೋಶಗಳಿವೆ. ಹೊರಸಾಲಿನವು ಮೆತ್ತಗಿನ ಸದ್ದನ್ನು ಎತ್ತಿ ಕೊಡುವ ಕೆಲಸ ಮಾಡುತ್ತವೆ. ವಯಸ್ಸಾದಂತೆ ಅವು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಆಗ ಮೆತ್ತಗಿನದ್ದು ಕೇಳಿಸುವುದೇ ಇಲ್ಲ, ಜೋರಿನದ್ದು ಮಾತ್ರ ಮೊದಲಿನಷ್ಟೇ ಜೋರಾಗಿ ಬಡಿಯುತ್ತದೆ. ಎರಡರ ನಡುವಿನ ಜಾಗ ಕಿರಿದಾಗಿಬಿಡುತ್ತದೆ. ಅದರ ಮೇಲೆ, ವಯಸ್ಸಿನ ಕಿವುಡು ಮೊದಲು ಕಿತ್ತುಕೊಳ್ಳುವುದು ಎತ್ತರದ ಸ್ವರಗಳನ್ನು. ತಗ್ಗಿನವು ಬಹುಕಾಲ ಉಳಿಯುತ್ತವೆ. ಹಾಗಾಗಿ ನನ್ನ ಮಾತು ಕೇಳಿಸದ ಅಜ್ಜಿಗೆ ಡಿಜೆ ಬೇಸ್ ಪೂರ್ತಿ ಕೇಳಿಸುತ್ತದೆ. "ವಯಸ್ಸಾದವರಿಗೆ ಹೇಗೂ ಕಿವಿ ಕೇಳಲ್ಲ, ಅವರಿಗೇನು ತೊಂದರೆ" ಅನ್ನುವವರಿಗೆ ಇದನ್ನು ಹೇಳಿ.

ಮಿಕ್ಸರ್ ಮುಂದೆ ನಿಂತ ಹುಡುಗನ ಕಿವಿಯನ್ನೂ ಮರೆಯಬಾರದು. ಒಂದು ಗಂಟೆ ಆ ಸದ್ದಿನಲ್ಲಿ ನಿಂತರೆ ಕಿವಿ ತಾತ್ಕಾಲಿಕವಾಗಿ ಮಂದವಾಗುತ್ತದೆ. ಎಂಟು ಗಂಟೆಗೆ ಜೋರಾಗಿದ್ದದ್ದು ಒಂಬತ್ತು ಗಂಟೆಗೆ ಸಾಧಾರಣ ಅನ್ನಿಸುತ್ತದೆ. ಅವನು ಗುಂಡಿ ಇನ್ನಷ್ಟು ತಿರುಗಿಸುತ್ತಾನೆ. ಅವನಿಗೆ ಕೆಟ್ಟ ಉದ್ದೇಶ ಇರಬೇಕಾಗಿಲ್ಲ. ಮನೆಗೆ ಹೋದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತದಲ್ಲ, ಅದು ಪೆಟ್ಟಾಗಿದೆ ಅನ್ನುವ ಸೂಚನೆ. ಸೀಸನ್ನಿಗೆ ಹತ್ತಾರು ರಾತ್ರಿ ಹೀಗಾದರೆ ಆ ಪೆಟ್ಟು ಕಾಯಂ ಆಗಬಹುದು. ಈ ಹುಡುಗರಿಗೆ ಇಯರ್ ಪ್ಲಗ್ ಕೊಡಿಸುವ ಮಂಡಳಿಯನ್ನು ನಾನಂತೂ ನೋಡಿಲ್ಲ.

ಸರಾಸರಿ ತೆಗೆಯುವ ರೀತಿಯಲ್ಲೂ ಒಂದು ತೊಡಕಿದೆ. ಪ್ರದೇಶದ ಮಿತಿ ಎಂದು ಹೇಳುವ 55 ಇಡೀ ಹಗಲಿನ, ಅಂದರೆ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗಿನ 16 ಗಂಟೆಗಳ ಶಕ್ತಿಯ ಸರಾಸರಿ. ಒಂದು ಗಂಟೆ 75 ಡೆಸಿಬೆಲ್ ಗದ್ದಲ ಇದ್ದು ಉಳಿದ ಹೊತ್ತು ಶಾಂತವಾಗಿದ್ದರೆ ದಿನದ ಸರಾಸರಿ 63 ಬರುತ್ತದೆ. 2011ರಲ್ಲಿ ಶುರುವಾದ ರಾಷ್ಟ್ರೀಯ ಜಾಲದಲ್ಲಿ ಬೆಂಗಳೂರಿನ 10 ಕಡೆ ಶಬ್ದ ಅಳೆಯುವ ಕೇಂದ್ರಗಳಿವೆ. ನಿಮ್ಹಾನ್ಸ್, ಪೀಣ್ಯ, ಬಿಟಿಎಂ ಬಡಾವಣೆ ಅವುಗಳಲ್ಲಿ ಸೇರಿವೆ. ದಿನವಿಡೀ ಹರಿಯುವ ಟ್ರಾಫಿಕ್‌ಗೆ ಈ ಸರಾಸರಿ ಒಳ್ಳೆಯದು. ಒಂದೂವರೆ ಗಂಟೆ ಹಾದುಹೋಗುವ ಟ್ರಾಲಿಯ ಕಾಟ ಅದರಲ್ಲಿ ಕರಗಿಹೋಗುತ್ತದೆ. ಮನುಷ್ಯ ಸರಾಸರಿಯನ್ನು ನೆನಪಿಟ್ಟುಕೊಳ್ಳುವುದಿಲ್ಲ. ಆ ಒಂದೂವರೆ ಗಂಟೆಯನ್ನೇ ನೆನಪಿಟ್ಟುಕೊಳ್ಳುತ್ತಾನೆ.

ಇದನ್ನೆಲ್ಲಾ ಸರಿಮಾಡಲು ಹೊಸದೇನನ್ನೂ ಕಂಡುಹಿಡಿಯಬೇಕಾಗಿಲ್ಲ. ನಮ್ಮ ಕಾನೂನಿನಲ್ಲೇ ದಾರಿ ಇದೆ. ಪಟಾಕಿಯ ಮಿತಿ ನೋಡಿ. ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ ಎ ಅಳತೆಯಲ್ಲಿ 125 ಅಥವಾ ಸಿ ಅಳತೆಯ ಗರಿಷ್ಠದಲ್ಲಿ 145 ದಾಟಬಾರದು ಎಂದು 1999ರಿಂದಲೇ ನಿಯಮ ಇದೆ. ಪಟಾಕಿಯ ಸದ್ದಿಗೆ ಎ ಒಂದೇ ಸಾಲದು ಅಂತ ಅದನ್ನು ಬರೆದವರಿಗೆ ಗೊತ್ತಿತ್ತು. ಸಬ್ ವೂಫರ್‌ಗೂ ಅದೇ ವಿವೇಕ ಬೇಕು. ಎ ಮಿತಿ ಹಾಗೇ ಇರಲಿ, ಜೊತೆಗೆ ಸಿ ಮಿತಿಯೂ ಒಂದು ಬರಲಿ.

ಟಿವಿಯವರು ಇಂಥ ಬದಲಾವಣೆಯನ್ನು ಆಗಲೇ ಮಾಡಿಕೊಂಡಿದ್ದಾರೆ. ಜಾಹೀರಾತು ಬಂದ ಕೂಡಲೇ ಸದ್ದು ಏರುತ್ತದೆ ಅಂತ ಜಗತ್ತಿನೆಲ್ಲೆಡೆ ದೂರಿತ್ತು. ಹಳೆಯ ಮೀಟರ್ ಅಳೆಯುತ್ತಿದ್ದದ್ದು ಸದ್ದಿನ ತುದಿಯನ್ನು ಮಾತ್ರ. ಜಾಹೀರಾತಿನವರು ತುದಿ ಏರಿಸದೆ ಒಳಗೆಲ್ಲಾ ಸದ್ದು ತುಂಬಿಸುತ್ತಿದ್ದರು. ಮೀಟರಿಗೆ ಅದು ಕಾರ್ಯಕ್ರಮದಷ್ಟೇ, ಕಿವಿಗೆ ಎಷ್ಟೋ ಜಾಸ್ತಿ. 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕಿವಿಗೆ ಹತ್ತಿರವಾದ ಹೊಸ ಅಳತೆ ತಂದಿತು. 2010ರಲ್ಲಿ ಯುರೋಪಿನ ಪ್ರಸಾರಕರು ಅದನ್ನು ಒಪ್ಪಿಕೊಂಡರು, ಅಮೆರಿಕ ಅದೇ ವರ್ಷ ಕಾನೂನನ್ನೇ ಮಾಡಿತು. ಮೀಟರ್ ಹೇಳಿದ್ದಕ್ಕೂ ಜನ ಕೇಳಿದ್ದಕ್ಕೂ ತಾಳೆಯಾಗದಿದ್ದಾಗ ಅವರು ಜನರ ಕಿವಿಯನ್ನು ನಂಬಿದರು.

ನಿಯಮ ಬದಲಾಗುವವರೆಗೂ ನಾವು ಮಾಡಬಹುದಾದದ್ದು ಚಿಕ್ಕದು, ಆದರೆ ಮಾಡಬೇಕು. ಈ ಸಲ ಹಬ್ಬಕ್ಕೆ ಮೂರು ವಾರ ಮುಂಚೆ ನಮ್ಮ ಬೀದಿಯ ಹದಿನಾಲ್ಕು ಮನೆಯವರು ಸೇರಿ ಒಂದು ಅರ್ಜಿ ಬರೆದೆವು. ಗಣಪತಿ ಬೇಡ, ಮೆರವಣಿಗೆ ಬೇಡ ಅಂತ ಅದರಲ್ಲಿ ಎಲ್ಲೂ ಇಲ್ಲ. ನಮ್ಮ ಮನೆ ಮಕ್ಕಳೂ ಅದೇ ಮೆರವಣಿಗೆಯಲ್ಲಿ ಕುಣಿಯುವವರು. ಕೇಳಿದ್ದು ಮೂರೇ ವಿಷಯ. ಅಳೆಯುವಾಗ ಎ ಅಂಕಿಯ ಪಕ್ಕದಲ್ಲಿ ಸಿ ಅಂಕಿಯನ್ನೂ ಬರೆದುಕೊಳ್ಳಿ. ಬೀದಿಯಲ್ಲಿ ಅಳೆದ ಮೇಲೆ ಒಂದು ಮನೆಯ ಒಳಗೂ ಬಂದು ಅಳೆಯಿರಿ. ಟ್ರಾಲಿ ಕಟ್ಟುವ ದಿನವೇ ಬೇಸ್ ಬಾಕ್ಸ್ ಎಷ್ಟು ಅಂತ ಎಣಿಸಿ. ಅರ್ಜಿ ತೆಗೆದುಕೊಂಡ ಅಧಿಕಾರಿ ತಮ್ಮ ಮೀಟರನ್ನು ಮೇಜಿನ ಮೇಲೆ ಇಟ್ಟು ತಿರುಗಿಸಿ ನೋಡಿದರು. ಪಕ್ಕದಲ್ಲಿ ಎ, ಸಿ ಅಂತ ಬರೆದ ಒಂದು ಚಿಕ್ಕ ಗುಂಡಿ ಇತ್ತು. "ಇದು ಇಲ್ಲೇ ಇದೆಯಲ್ಲ" ಅಂದರು. ವಿಸರ್ಜನೆ ದಿನ ಒಂಬತ್ತು ಗಂಟೆಗೆ ನಮ್ಮ ಮನೆಗೆ ಬರುವುದಾಗಿ ಹೇಳಿದ್ದಾರೆ. ಸ್ಟೀಲ್ ತಟ್ಟೆಗಳನ್ನು ಸ್ಟ್ಯಾಂಡಿನಿಂದ ತೆಗೆಯಬೇಡ ಅಂತ ಅಮ್ಮನಿಗೆ ಹೇಳಿದ್ದೇನೆ.